ನಿವಾಸಿಗಳ ಗಮನಕ್ಕೆ

ಬೆಂಗಳೂರಿನಲ್ಲಿ ಅತಿ ಹೆಚ್ಚು ಓದುಗರಿರುವ ಬರಹ ಯಾವುದು ಎಂದು ಯಾರಾದರೂ ಕೇಳಿದರೆ, ಅಪಾರ್ಟ್‌ಮೆಂಟಿನ ಲಿಫ್ಟಿನ ಪಕ್ಕ ಅಂಟಿಸಿರುವ ನೋಟಿಸು ಎನ್ನುತ್ತೇನೆ. ಲಿಫ್ಟು ಏಳನೇ ಮಹಡಿಯಿಂದ ಇಳಿದು ಬರುವಷ್ಟು ಹೊತ್ತು ಕಣ್ಣಿಗೆ ಬೇರೆ ಕೆಲಸವಿರುವುದಿಲ್ಲ. ಓವರ್‌ಹೆಡ್ ಟ್ಯಾಂಕು ತೊಳೆಯುವ ದಿನ ಯಾವುದು, ಜನರೇಟರಿನ ಡೀಸೆಲ್ಲಿಗೆ ಎಷ್ಟಾಯಿತು, ಮೇಂಟೆನೆನ್ಸ್ ದುಡ್ಡು ಹತ್ತನೇ ತಾರೀಖಿನೊಳಗೆ ಕಟ್ಟದಿದ್ದರೆ ದಂಡ ಎಷ್ಟು, ನಾಯಿ ಸಾಕಿದವರು ಕೈಯಲ್ಲಿ ಏನು ಹಿಡಿದುಕೊಂಡು ವಾಕಿಂಗ್ ಹೋಗಬೇಕು, ಎಲ್ಲವೂ ಅಲ್ಲಿರುತ್ತದೆ. ಸಾಹಿತ್ಯದ ವಿದ್ಯಾರ್ಥಿಗಳಾದ ನಾವು ಶಾಸನ ಓದುತ್ತೇವೆ, ವಚನ ಓದುತ್ತೇವೆ, ಹಳೆಯ ಪತ್ರಿಕೆಗಳ ಕಡತಗಳನ್ನು ಕೆದಕುತ್ತೇವೆ. ಈ ನೋಟಿಸುಗಳನ್ನು ಮಾತ್ರ ಓದಿದ ಮರುಕ್ಷಣ ಮರೆಯುತ್ತೇವೆ. ಆದರೆ ಎಷ್ಟೋ ಶಾಸನಗಳಾದರೂ ಏನು? ಕೆರೆಯ ಕೆಳಗಿನ ಭೂಮಿ ಯಾರಿಗೆ ಸೇರಿದ್ದು, ಇದಕ್ಕೆ ತಪ್ಪಿ ನಡೆದವರಿಗೆ ಎಂಥ ಪಾಪ ಬರುತ್ತದೆ ಎಂದು ಕಲ್ಲಿನ ಮೇಲೆ ಕೊರೆಸಿದ ನೋಟಿಸುಗಳೇ ಅಲ್ಲವೇ?

ನಾನಿರುವುದು ಮೂರು ಬ್ಲಾಕುಗಳ, 96 ಮನೆಗಳ ಒಂದು ಅಪಾರ್ಟ್‌ಮೆಂಟಿನಲ್ಲಿ. ಇಬ್ಬರು ಗೆಳತಿಯರ ಜೊತೆ, ಬಾಡಿಗೆಗೆ. ಇಲ್ಲಿನ ಮಾಲೀಕರ ಸಂಘ ತಿಂಗಳಿಗೊಂದು ಸುದ್ದಿಪತ್ರ ತರುತ್ತದೆ. ನಾಲ್ಕು ಪುಟ, ಪೂರ್ತಿ ಇಂಗ್ಲಿಷು. 2024ರ ಮಾರ್ಚಿನಲ್ಲಿ ಅರ್ಧ ಊರು ಟ್ಯಾಂಕರಿನ ದಾರಿ ಕಾಯುತ್ತಿದ್ದಾಗ ಸಂಘದ ಕಾರ್ಯದರ್ಶಿಗಳು ಮೆಟ್ಟಿಲ ಬಳಿ ನನ್ನನ್ನು ಹಿಡಿದು ನಿಲ್ಲಿಸಿದರು. ನಿವೃತ್ತ ಎಂಜಿನಿಯರ್, ಮೈಸೂರಿನ ಕಡೆಯವರು.

“ಏನಮ್ಮಾ, ಕನ್ನಡದಲ್ಲಿ ಪಿಎಚ್.ಡಿ. ಮಾಡ್ತಿದೀಯಂತೆ. ನಮ್ಮ ಸುದ್ದಿಪತ್ರಕ್ಕೆ ಒಂದು ಕನ್ನಡ ಪುಟ ಮಾಡಿಕೊಡೋಕಾಗುತ್ತಾ? ನೀರಿನ ವಿಷಯ ಕೆಲಸದೋರಿಗೆ ತಿಳೀಬೇಕು ನೋಡು. ಇಂಗ್ಲಿಷಲ್ಲಿ ಬರೆದು ಹಾಕಿದ್ರೆ ಗೋಡೆಗೆ ಹೇಳಿದ ಹಾಗೆ.”

“ಆಗಲಿ ಸರ್, ಕೊಡಿ” ಎಂದೆ. ಅಧ್ಯಾಯ ಬರೆಯುವುದನ್ನು ಒಂದು ವಾರ ಮುಂದೂಡಲು ಇದಕ್ಕಿಂತ ಸಭ್ಯವಾದ ನೆಪ ಸಿಗುವುದಿಲ್ಲ.

ಕೆಲಸ ಸುಲಭದ್ದೆಂದು ಕಾಣುತ್ತಿತ್ತು. ಇಂಗ್ಲಿಷಿನಲ್ಲಿ ಇದ್ದದ್ದು ಎರಡು ಸಾಲು. ಒಂದು ಮಾಲೀಕರಿಗೆ, ಇನ್ನೊಂದು ಕಾರು ತೊಳೆಯುವ ಹುಡುಗರಿಗೆ. ಕನ್ನಡಕ್ಕೆ ಇಳಿಸಿದಾಗ ಅವು ಹೀಗಾದವು: ‘ಕಾರು ತೊಳೆಯಲು ಕುಡಿಯುವ ನೀರನ್ನು ಬಳಸದಂತೆ ನಿವಾಸಿಗಳಲ್ಲಿ ಕೋರಲಾಗಿದೆ.’ ‘ಕೆಲಸದವರು ಕಾರು ತೊಳೆಯಲು ಪೈಪು ಬಳಸಕೂಡದು.’ ಅದೇ ಕಾರು, ಅದೇ ನೀರು. ಒಬ್ಬರಿಗೆ ‘ಕೋರಲಾಗಿದೆ’, ಇನ್ನೊಬ್ಬರಿಗೆ ‘ಕೂಡದು’. ಇಂಗ್ಲಿಷಿನಲ್ಲಿ ಓದಿದಾಗ ಅಷ್ಟಾಗಿ ತಟ್ಟದಿದ್ದ ಅಂತರ ಕನ್ನಡದಲ್ಲಿ ಉಗುರಿನ ಸಂದಿಯ ಸಿಬಿರಿನ ಹಾಗೆ ಚುಚ್ಚಿತು. ನಮ್ಮ ಭಾಷೆಯಲ್ಲಿ ಒಂದು ಕ್ರಿಯಾಪದ ಬರೆಯಬೇಕಾದರೂ ಎದುರಿಗಿರುವವರು ಯಾರು, ನಾನು ಅವರಿಗೆ ಏನಾಗಬೇಕು ಎಂದು ಮೊದಲು ತೀರ್ಮಾನಿಸಿಕೊಳ್ಳಬೇಕು. ಬನ್ನಿ, ಬಾ, ಬರತಕ್ಕದ್ದು, ಬರಬೇಕಾಗಿ ವಿನಂತಿ. ಪ್ರತಿಯೊಂದಕ್ಕೂ ಅದರದ್ದೇ ಕುರ್ಚಿ ಇದೆ.

ಕಾರ್ಯದರ್ಶಿಗಳ ಮನೆಗೆ ಹೋಗಿ ಎರಡೂ ಸಾಲುಗಳನ್ನು ಓದಿದೆ. ಅವರು ಕನ್ನಡಕ ತೆಗೆದು ನಕ್ಕರು. “ಅಯ್ಯೋ, ಕನ್ನಡದಲ್ಲಿ ಹಿಂಗೆ ಕೇಳುತ್ತಲ್ಲಮ್ಮ!” ಆಮೇಲೆ ಇಬ್ಬರೂ ಕೂತು ಹೀಗೆ ಬರೆದೆವು: ‘ಕುಡಿಯುವ ನೀರಿನಿಂದ ಕಾರು ತೊಳೆದರೆ ಜಲಮಂಡಳಿ 5,000 ರೂಪಾಯಿ ದಂಡ ಹಾಕುತ್ತದೆ. ಮತ್ತೆ ಮತ್ತೆ ಮಾಡಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. ನಮ್ಮಲ್ಲಿ ದಂಡ ಬಿದ್ದರೆ ಅದನ್ನು ಕಾರಿನ ಮಾಲೀಕರೇ ಕಟ್ಟಬೇಕು. ಪೈಪು ಹಿಡಿದು ತೊಳೆ ಎಂದು ಯಾರಾದರೂ ಹೇಳಿದರೆ ಈ ಪುಟ ತೋರಿಸಿ.’

ಆ ಕೊನೆಯ ವಾಕ್ಯ ಸೇರಿದ ಕೂಡಲೇ ಪುಟದ ಸ್ವಭಾವವೇ ಬದಲಾಯಿತು. ಅಲ್ಲಿಯವರೆಗೆ ಅದು ಕೆಲಸದವರಿಗೆ ಹೇಳುವ ಪುಟವಾಗಿತ್ತು. ಈಗ ಅವರು ಕೈಯಲ್ಲಿ ಹಿಡಿದು ಇನ್ನೊಬ್ಬರಿಗೆ ತೋರಿಸಬಹುದಾದ ಪುಟವಾಯಿತು.

ನಮ್ಮೂರು ಚಳ್ಳಕೆರೆಯ ಕಡೆ. ನೀರಿನ ಸುದ್ದಿ ಅಲ್ಲಿ ಸುದ್ದಿಗಳಲ್ಲೇ ದೊಡ್ಡದು. ನನ್ನ ಅಜ್ಜಿಯ ಕಾಲದಲ್ಲಿ ಅದು ಡಂಗುರದಲ್ಲಿ ಬರುತ್ತಿತ್ತಂತೆ. “ಕೇಳ್ರಪ್ಪೋ ಕೇಳ್ರಿ” ಎಂದು ಹಲಗೆ ಬಡಿದು ಬೀದಿ ಬೀದಿ ಸಾರಿಕೊಂಡು ಹೋದರೆ ಓದು ಬಂದವರು, ಬಾರದವರು, ಒಳಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದವರು ಎಲ್ಲರ ಕಿವಿಗೂ ಬೀಳುತ್ತಿತ್ತು. ಹಾಗೆಂದು ಡಂಗುರವನ್ನು ಹೊಗಳಿ ಕೂರುವ ಹಾಗಿಲ್ಲ. ಬಾವಿಯ ಸುದ್ದಿ ಸಾರುತ್ತಿದ್ದವನಿಗೆ ಆ ಬಾವಿಯಿಂದ ಒಂದು ಕೊಡ ನೀರು ಸೇದುವ ಹಕ್ಕಿರಲಿಲ್ಲ. ಸುದ್ದಿ ಹೊತ್ತವನು ಸುದ್ದಿಯ ಹೊರಗೇ ಇದ್ದ. ಊರು ಬಿಟ್ಟು ಬೆಂಗಳೂರಿಗೆ ಬಂದು, ಲಿಫ್ಟಿರುವ ಮನೆಯಲ್ಲಿ ಕೂತು ಕನ್ನಡ ಪುಟ ಬರೆಯುವಾಗ ಆ ಹಲಗೆಯವನು ಆಗಾಗ ನೆನಪಾಗುತ್ತಿದ್ದ.

ಏಪ್ರಿಲಿನ ಪುಟದಲ್ಲಿ ನೀರಿನ ಲೆಕ್ಕ ಹಾಕಿದೆವು. ಕಾವೇರಿ ನೀರು ಬೆಂಗಳೂರಿಗೆ ಬರುವುದು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ. ಸುಮಾರು 100 ಕಿಲೋಮೀಟರ್ ದೂರ. ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಎಂದು ಹಂತ ಹಂತವಾಗಿ ಪಂಪು ಮಾಡಿ ಸುಮಾರು 500 ಮೀಟರ್ ಮೇಲೆತ್ತಬೇಕು. ನಗರದ ನೀರಿನ ಯೋಜನೆಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬ ಅಳತೆ ಹಿಡಿಯುತ್ತಾರೆ. ಆ ಲೆಕ್ಕದಲ್ಲಿ 6,000 ಲೀಟರಿನ ಒಂದು ಟ್ಯಾಂಕರ್ 44 ಜನರ ಒಂದು ದಿನ. ಆ ಬೇಸಿಗೆಯಲ್ಲಿ ಜಿಲ್ಲಾಡಳಿತ ದರ ಗೊತ್ತುಪಡಿಸಿತ್ತು: 5 ಕಿಲೋಮೀಟರ್ ಒಳಗಾದರೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000 ರೂಪಾಯಿ. ಈ ಅಂಕಿಗಳ ಕೆಳಗೆ ಮನೆಯಲ್ಲೇ ಮಾಡಿ ನೋಡುವ ಒಂದು ಪರೀಕ್ಷೆ ಬರೆದೆವು. ರಾತ್ರಿ ಮಲಗುವ ಮುಂಚೆ ಕಮೋಡಿನ ಫ್ಲಶ್ ಟ್ಯಾಂಕಿಗೆ ಚಿಟಿಕೆ ಅರಿಶಿನ ಹಾಕಿ, ಫ್ಲಶ್ ಮಾಡದೆ ಕಾಲು ಗಂಟೆ ಬಿಡಿ. ಕೆಳಗಿನ ನೀರು ಹಳದಿಯಾಗಿದ್ದರೆ ವಾಲ್ವು ಸೋರುತ್ತಿದೆ ಎಂದರ್ಥ. ಸದ್ದಿಲ್ಲದೆ ಸೋರುವ ಆ ನೀರು ಕಿವಿಗೂ ಕೇಳುವುದಿಲ್ಲ, ಬಿಲ್ಲಿನಲ್ಲೂ ಬೇರೆಯಾಗಿ ಕಾಣುವುದಿಲ್ಲ.

ಪುಟ ಅಂಟಿಸಿದ ಮಾರನೇ ದಿನ ಮೆಟ್ಟಿಲು ಒರೆಸುವ ಅಕ್ಕ ನನ್ನನ್ನು ತಡೆದರು. ದೇವದುರ್ಗದ ಕಡೆಯವರು, ಊರಲ್ಲಿ ಮಳೆ ಕೈಕೊಟ್ಟ ವರ್ಷ ಗಂಡನ ಜೊತೆ ಇಲ್ಲಿಗೆ ಬಂದವರು.

“ಇದು ನೀವು ಬರದೀರಂತಲ್ಲರೀ?”

“ಹೌದಕ್ಕಾ. ಓದಿದ್ರಾ?”

“ಓದಾಕ ಬರ್ತೈತ್ರಿ, ಏಳನೇತ್ತ ತನಕ ಸಾಲಿ ಕಲ್ತೀನಿ. ಒಂದು ಮಾತು ಕೇಳ್ಲೇನ್ರಿ? ಮ್ಯಾಲೆ ‘ನಿವಾಸಿಗಳ ಗಮನಕ್ಕೆ’ ಅಂತ ಹಾಕೀರಲ್ಲ, ನಾವೂ ನಿವಾಸಿಗಳೇನ್ರಿ?”

ನನ್ನ ಸಂಶೋಧನೆಯ ಮೌಖಿಕ ಪರೀಕ್ಷೆಯಲ್ಲೂ ಇಷ್ಟು ನೇರವಾದ ಪ್ರಶ್ನೆ ಬರಲಾರದು. ಅವರೂ ಅವರ ಗಂಡನೂ ಮಲಗುವುದು ಬೇಸ್‌ಮೆಂಟಿನಲ್ಲಿ, ಪಂಪಿನ ಕೋಣೆಯ ಮಗ್ಗುಲಿನ ಒಂದು ಕೋಣೆಯಲ್ಲಿ. ಮೂರು ವರ್ಷದಿಂದ. ಬಾಡಿಗೆಗೆ ಬಂದು ನನಗೆ ಆಗ ಎಂಟು ತಿಂಗಳು. ‘ಹೌದು’ ಎನ್ನುವುದು ಕಷ್ಟವಿರಲಿಲ್ಲ. ಆ ‘ಹೌದು’ ಅವರಿಗೆ ಏನು ಕೊಡುತ್ತದೆ ಎನ್ನುವುದು ಕಷ್ಟದ ಮಾತು. ಅವರು ನನ್ನ ಉತ್ತರಕ್ಕೆ ಕಾಯಲಿಲ್ಲ. ಸೋರುವ ಜಾಗಗಳ ಪಟ್ಟಿ ಒಪ್ಪಿಸತೊಡಗಿದರು. ಎ ಬ್ಲಾಕಿನ ತಾರಸಿಯ ಟ್ಯಾಂಕು ಬೆಳಗಿನ ಜಾವ ಐದಕ್ಕೆ ತುಂಬಿ ಹರಿಯುತ್ತದೆ, ಏಕೆಂದರೆ ಅದರ ಫ್ಲೋಟು ಸಿಕ್ಕಿಹಾಕಿಕೊಂಡಿದೆ. ಮಕ್ಕಳ ಆಟದ ಜಾಗದ ಹಿಂದಿನ ನಲ್ಲಿಯ ವಾಷರು ಹೋಗಿ ದೀಪಾವಳಿಯಿಂದ ಹಾಗೇ ಇದೆ. ಆ ನಲ್ಲಿಯ ಕೆಳಗೆ ಅವತ್ತೇ ರಾತ್ರಿ ಬಕೆಟ್ಟು ಇಟ್ಟು ನೋಡಿದೆವು. ಬೆಳಿಗ್ಗೆ 14 ಲೀಟರ್ ತುಂಬಿತ್ತು.

ಇಡೀ ಕಟ್ಟಡದಲ್ಲಿ ನೀರು ಎಲ್ಲಿ ಪೋಲಾಗುತ್ತಿದೆ ಎಂದು ಕಂಡುಹಿಡಿಯಲು ಸಂಘ ಒಂದು ಉಪಸಮಿತಿ ಮಾಡಿತ್ತು. ಕಂಡುಹಿಡಿದವರು ಮಾತ್ರ ಮೊದಲೇ ಇದ್ದರು. ಅವರನ್ನು ಯಾರೂ ಕೇಳಿರಲಿಲ್ಲ. ಮೇ ತಿಂಗಳಿಂದ ಪುಟದ ಕೆಳಗೆ ‘ಕಟ್ಟಡದ ಸುದ್ದಿ’ ಎಂಬ ಅಂಕಣ ಶುರುವಾಯಿತು. ಬರೆಯುವವಳು ನಾನು, ಸುದ್ದಿ ಅಕ್ಕನದು.

ಆ ಅಂಕಣಕ್ಕೆ ‘ನಮ್ಮ ಕಟ್ಟಡದಲ್ಲಿ ನಾವೇ ನೀರು ಉಳಿಸೋಣ’ ಎಂದು ತಲೆಬರಹ ಕೊಟ್ಟೆ. ಜೊತೆಯಲ್ಲಿರುವ ಪುತ್ತೂರಿನ ಗೆಳತಿ ಓದಿ, “ಯಾವ ‘ನಾವು’ ಮಾರಾಯ್ತಿ ಇದು?” ಎಂದಳು. ಅವಳ ಮನೆಮಾತು ತುಳು. ತುಳುವಿನಲ್ಲಿ ‘ನಾವು’ ಎರಡು ಬಗೆ. ‘ನಮ’ ಎಂದರೆ ಕೇಳುತ್ತಿರುವ ನೀನೂ ಸೇರಿ ನಾವು. ‘ಎಂಕುಲು’ ಎಂದರೆ ನಿನ್ನನ್ನು ಬಿಟ್ಟು ನಾವು. “ನಮ ಪೋಯಿ” ಎಂದರೆ ನೀನೂ ಹೊರಡಬೇಕು. “ಎಂಕುಲು ಪೋಪ” ಎಂದರೆ ನೀನು ಮನೆಯಲ್ಲೇ ಇರಬೇಕು. ತುಳು ಮಾತಾಡುವವರು ಬಾಯಿ ತೆರೆದ ಕೂಡಲೇ ಇದನ್ನು ನಿರ್ಧರಿಸಬೇಕು. ನಾವು ಇವತ್ತು ಆಡುವ ಕನ್ನಡದಲ್ಲಿ ಆ ಕಷ್ಟವಿಲ್ಲ. ಒಂದೇ ‘ನಾವು’ ಇಟ್ಟುಕೊಂಡು, ಯಾರನ್ನು ಒಳಗೆ ಕರೆದೆವು, ಯಾರನ್ನು ಹೊಸಿಲಾಚೆ ನಿಲ್ಲಿಸಿದೆವು ಎಂದು ಹೇಳದೆಯೇ ದಾಟಿಬಿಡಬಹುದು. ಸಂಘದ ಸುದ್ದಿಪತ್ರಗಳೆಲ್ಲ ಈ ಅನುಕೂಲದ ಮೇಲೆಯೇ ನಿಂತಿವೆ ಎಂದು ನನಗೆ ಅವತ್ತು ಅನ್ನಿಸಿತು.

ಕಾನೂನಿನ ‘ನಾವು’ ಯಾವುದು ಎಂದು ಹುಡುಕಿದೆ. ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ 1972ರದ್ದು. ಅದರ ಪ್ರಕಾರ ಸಂಘವೆಂದರೆ ಮಾಲೀಕರ ಸಂಘ. ಪ್ರತಿ ಮನೆಯ ಮಾಲೀಕರಿಗೂ ಸಾಮಾನ್ಯ ಜಾಗಗಳಲ್ಲಿ ಒಡೆದು ಹಂಚಲಾಗದ ಒಂದು ಪಾಲು ಇರುತ್ತದೆ. ಆ ಪಾಲು ಇರುವವರಿಗೆ ಮತ. ನಾನು ಕಟ್ಟುವ ಬಾಡಿಗೆಯಲ್ಲೇ ಮೇಂಟೆನೆನ್ಸ್ ಸೇರಿದೆ, ಆದರೆ ಸಭೆಯಲ್ಲಿ ನನಗೆ ಹಿಂದಿನ ಸಾಲಿನ ಕುರ್ಚಿ ಮಾತ್ರ. ಇದರಲ್ಲಿ ಹೊಸದೇನೂ ಇಲ್ಲ. ಆದರೆ ‘ಸಾಮಾನ್ಯ ಜಾಗ’ ಎಂದರೆ ಏನೇನು ಎಂದು ಕಾಯ್ದೆ ಪಟ್ಟಿ ಮಾಡುವಲ್ಲಿ ನಾನು ನಿರೀಕ್ಷಿಸದ ಒಂದು ಮಾತಿತ್ತು. ಮೆಟ್ಟಿಲು, ಲಿಫ್ಟು, ತಾರಸಿ, ತೋಟ, ನೀರಿನ ಟ್ಯಾಂಕು, ಪಂಪು, ಇವುಗಳ ಸಾಲಿನಲ್ಲೇ ಕಟ್ಟಡ ನೋಡಿಕೊಳ್ಳಲು ನೇಮಿಸಿಕೊಂಡವರ ವಾಸದ ಜಾಗವೂ ಇದೆ. ಅಂದರೆ ಕಟ್ಟಡವಿದ್ದ ಮೇಲೆ ಅದನ್ನು ಕಾಯುವವರು, ಗುಡಿಸುವವರು ಅಲ್ಲೇ ಬದುಕುತ್ತಾರೆ ಎಂಬುದು 1972ರಲ್ಲಿ ಕಾಯ್ದೆ ಬರೆದವರಿಗೆ ಗೊತ್ತಿತ್ತು. ಆ ಕೋಣೆ ಎಲ್ಲರ ಪಾಲಿನದು. ಅದರೊಳಗೆ ಇರುವವರು ಮಾತ್ರ ಯಾರ ಲೆಕ್ಕಕ್ಕೂ ಇಲ್ಲ.

ಇದು ಅಪಾರ್ಟ್‌ಮೆಂಟುಗಳು ತಂದ ಹೊಸ ಪದ್ಧತಿಯೇನಲ್ಲ. 1898ರ ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರದಂಥ ಬಡಾವಣೆಗಳಲ್ಲಿ ಇವತ್ತಿಗೂ ಮನೆಗಳ ಬೆನ್ನ ಹಿಂದೆ ಸಣ್ಣ ಓಣಿಗಳಿವೆ. ಕನ್ಸರ್ವೆನ್ಸಿ ಓಣಿಗಳೆಂದು ಹೆಸರು. ಮಲ ಹೊರುವವರು ಮುಂಬಾಗಿಲ ಬೀದಿಗೆ ಬಾರದೆ ಹಿತ್ತಿಲಿನಿಂದಲೇ ಕೆಲಸ ಮುಗಿಸಿ ಹೋಗಲಿ ಎಂದು ಬಿಟ್ಟ ದಾರಿ ಅದು. ನಮ್ಮ ಕಟ್ಟಡದಲ್ಲಿ ಬ್ಲಾಕಿಗೆ ಎರಡು ಲಿಫ್ಟುಗಳಿವೆ. ಒಂದರ ಮೇಲೆ ‘ಸರ್ವಿಸ್’ ಎಂದು ಬರೆದಿದೆ. ಓಣಿ ಎದ್ದು ನಿಂತು ಲಿಫ್ಟಾಗಿದೆ ಅಷ್ಟೇ.

ನವೆಂಬರಿನ ಸುದ್ದಿಪತ್ರಕ್ಕೆ ಬಂದ ಒಂದು ಸಾಲಿನಿಂದ ಇದೆಲ್ಲ ಬರಿಯ ಭಾಷೆಯ ಮಾತಾಗಿ ಉಳಿಯಲಿಲ್ಲ. ಕನ್ನಡಕ್ಕೆ ತಂದರೆ ಅದು ಹೀಗೆ: ‘ಮುಂದಿನ ಭಾನುವಾರ ಎಸ್‌ಟಿಪಿ ಟ್ಯಾಂಕನ್ನು ಸ್ವಚ್ಛಗೊಳಿಸಲಾಗುವುದು. ದುರ್ವಾಸನೆ ಬರುವ ಸಾಧ್ಯತೆ ಇರುವುದರಿಂದ ಕಿಟಕಿಗಳನ್ನು ಮುಚ್ಚಿಕೊಳ್ಳಲು ಕೋರಲಾಗಿದೆ.’

‘ಸ್ವಚ್ಛಗೊಳಿಸಲಾಗುವುದು.’ ಯಾರಿಂದ? ಕನ್ನಡ ವ್ಯಾಕರಣದ ಮೊದಲ ಪಾಠದಲ್ಲೇ ಕರ್ತೃ, ಕರ್ಮ, ಕ್ರಿಯೆ ಎಂದು ಹೇಳಿಕೊಡುತ್ತಾರೆ. ನೋಟಿಸುಗಳಲ್ಲಿ ಕರ್ತೃ ಇರುವುದಿಲ್ಲ. ವಾಕ್ಯ ಬರೆಯಲು ಕುಳಿತವಳಿಗೆ ಆ ಖಾಲಿ ಜಾಗ ತುಂಬಬೇಕಾಗಿತ್ತು. ಕಾರ್ಯದರ್ಶಿಗಳನ್ನು ಕೇಳಿದೆ.

“ಕಾಂಟ್ರ್ಯಾಕ್ಟರ್ ಬರ್ತಾರಮ್ಮ. ಮೆಷಿನ್ನಲ್ಲಿ ಎಳೀತಾರೆ. ತಳದಲ್ಲಿ ಸ್ವಲ್ಪ ಉಳ್ಕೊಳ್ಳುತ್ತೆ, ಅದಕ್ಕೆ ಹುಡುಗರನ್ನ ಇಳಿಸ್ತಾರೆ ಅನ್ಸುತ್ತೆ.”

ಎಸ್‌ಟಿಪಿ ಎಂದರೆ ಕೊಳಚೆ ನೀರು ಶುದ್ಧೀಕರಿಸುವ ಘಟಕ. 96 ಮನೆಗಳ ಬಚ್ಚಲು, ಕಮೋಡು, ಅಡುಗೆಮನೆಯ ನೀರು ಬೇಸ್‌ಮೆಂಟಿನ ಆಳದ ತೊಟ್ಟಿಗಳಿಗೆ ಇಳಿಯುತ್ತದೆ. ಬ್ಲೋವರಿನಿಂದ ಗಾಳಿ ಊದಿ ಸೂಕ್ಷ್ಮಾಣುಗಳನ್ನು ಬದುಕಿಸಿಕೊಂಡರೆ ಅವು ಕೊಳೆಯನ್ನು ತಿಂದು ನೀರನ್ನು ತಿಳಿಯಾಗಿಸುತ್ತವೆ. ಆ ನೀರು ತೋಟಕ್ಕೆ, ಫ್ಲಶ್ಶಿಗೆ ವಾಪಸು ಬರುತ್ತದೆ. ತಳದಲ್ಲಿ ಕೆಸರು ಕೂರುತ್ತದೆ. ಆ ಕೆಸರಿನಿಂದ ಹೊರಡುವ ಹೈಡ್ರೋಜನ್ ಸಲ್ಫೈಡ್ ಅನಿಲ ಸ್ವಲ್ಪ ಇದ್ದಾಗ ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆ. ಹೆಚ್ಚಾದಾಗ ಮೂಗಿನ ಶಕ್ತಿಯನ್ನೇ ಕುಂದಿಸುತ್ತದೆ. ಕೆಳಗಿಳಿದವನಿಗೆ ‘ವಾಸನೆ ಕಡಿಮೆಯಾಯಿತು’ ಅನ್ನಿಸಿದ ಹೊತ್ತೇ ಅಪಾಯದ ಹೊತ್ತು. ಅವನು ಕುಸಿದದ್ದನ್ನು ಕಂಡು ಎತ್ತಲು ಇಳಿದವನೂ ಕುಸಿಯುತ್ತಾನೆ. 2018ರ ಜನವರಿಯಲ್ಲಿ ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಎಸ್‌ಟಿಪಿಯಲ್ಲಿ ಮೂವರು ಸತ್ತಿದ್ದರು.

ಕಾನೂನು ಇದೆ. 2013ರ ಮಲ ಹೊರುವ ಪದ್ಧತಿ ನಿಷೇಧದ ಕಾಯ್ದೆಯ ಪ್ರಕಾರ ಒಳಚರಂಡಿ, ಮಲಗುಂಡಿಗಳ ಅಪಾಯಕಾರಿ ಶುಚಿ ಕೆಲಸಕ್ಕೆ ಯಾರೂ ಯಾರನ್ನೂ ನೇಮಿಸುವಂತಿಲ್ಲ. ಮೊದಲ ಸಲದ ತಪ್ಪಿಗೇ ಎರಡು ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸತ್ತವರ ಕುಟುಂಬಕ್ಕೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟು 2014ರಲ್ಲಿ 10 ಲಕ್ಷ ಎಂದು ಹೇಳಿತ್ತು. 2023ರ ಅಕ್ಟೋಬರಿನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು.

ನಾನು ಕನ್ನಡ ಪುಟದಲ್ಲಿ ಬರೆದದ್ದು ಇಷ್ಟು: ‘ಎಸ್‌ಟಿಪಿ ಟ್ಯಾಂಕಿನೊಳಗೆ ಯಾರೂ ಇಳಿಯಬೇಡಿ. ಯಾರು ಹೇಳಿದರೂ ಇಳಿಯಬೇಡಿ. ಹಣ ಹೆಚ್ಚು ಕೊಡುತ್ತೇವೆಂದರೂ ಇಳಿಯಬೇಡಿ. ವಾಸನೆ ಇಲ್ಲವೆಂದರೆ ಗಾಳಿ ಒಳ್ಳೆಯದಿದೆ ಎಂದಲ್ಲ. ಯಾರಾದರೂ ಒಳಗೆ ಬಿದ್ದಿದ್ದರೆ ಎತ್ತಲು ಧುಮುಕಬೇಡಿ. ಕೂಗಿ ಜನ ಸೇರಿಸಿ, 112ಕ್ಕೆ ಫೋನ್ ಮಾಡಿ.’

ಅಚ್ಚಿಗೆ ಹೋಗುವ ಮುಂಚೆ ಪುಟ ಸಮಿತಿಯ ಮುಂದೆ ಬಂತು. ನನ್ನನ್ನೂ ಕರೆದಿದ್ದರು. ಸಮಿತಿಯ ಒಬ್ಬರು, “ಸುದ್ದಿಪತ್ರದಲ್ಲಿ ಇದನ್ನೆಲ್ಲ ಹಾಕಿದ್ರೆ ನಾಳೆಯಿಂದ ಕೆಲಸದೋರು ಪ್ರತಿಯೊಂದಕ್ಕೂ ಕಾನೂನು ಮಾತಾಡ್ತಾರೆ” ಎಂದರು. ಅವರ ಧ್ವನಿಯಲ್ಲಿ ಕೇಡಿರಲಿಲ್ಲ; ಮನೆ ನಡೆಸುವವರ ಆಯಾಸವಿತ್ತು. ಲೆಕ್ಕ ನೋಡುವವರು ಎರಡು ಕೊಟೇಶನ್ ಮುಂದಿಟ್ಟರು. ಯಾರೂ ಒಳಗಿಳಿಯದೆ ನೀರಿನ ಒತ್ತಡದಿಂದ ಕೆಸರು ಕದಡಿ ಪೂರ್ತಿ ಯಂತ್ರದಲ್ಲೇ ಎಳೆಯುವವರದ್ದು 14,000 ರೂಪಾಯಿ ಹೆಚ್ಚಿತ್ತು. ಒಂದು ಕ್ಷಣ ಯಾರೂ ಮಾತಾಡಲಿಲ್ಲ. ನಾನು ನೋಟ್‌ಬುಕ್ಕಿನಲ್ಲಿ ಭಾಗಿಸಿ ನೋಡಿದೆ. ಮನೆಗೆ 146 ರೂಪಾಯಿ. ಮತವಿಲ್ಲದವರು ಲೆಕ್ಕ ಹೇಳಬಾರದೆಂದು ಯಾವ ಬೈಲಾದಲ್ಲೂ ಇಲ್ಲವಲ್ಲ; ಹೇಳಿದೆ.

ಅದರಿಂದ ಮನಸ್ಸು ಬದಲಾಯಿತು ಎಂದು ಬರೆದರೆ ನನ್ನ ಬಗ್ಗೆ ಹೆಚ್ಚು ಹೇಳಿಕೊಂಡಂತಾಗುತ್ತದೆ. ಬದಲಾಯಿಸಿದ್ದು ಕಾರ್ಯದರ್ಶಿಗಳ ಮಾತು. “ವರ್ಕ್ ಆರ್ಡರಿಗೆ ಸೈನ್ ಹಾಕೋನು ನಾನು. ಇಳಿದ ಹುಡುಗ ಮೇಲೆ ಬರಲಿಲ್ಲ ಅಂದ್ರೆ ಪೊಲೀಸರು ಮೊದಲು ಬರೋದು ನಮ್ಮನೆಗೆ. ಆಮೇಲೆ ಆ ಹುಡುಗನ ಅಮ್ಮ ಬರ್ತಾಳೆ. ಪೊಲೀಸರಿಗೆ ಏನಾದ್ರೂ ಹೇಳಬಹುದು. ಅವಳಿಗೇನು ಹೇಳೋಣ?” ಮೂಲೆಯಲ್ಲಿ ಕೂತಿದ್ದ ಸಿ ಬ್ಲಾಕಿನ ಹಿರಿಯ ಅಮ್ಮನೊಬ್ಬರು, “ಕೆಲಸದೋರು ಕಾನೂನು ಮಾತಾಡಿದ್ರೆ ಮಾತಾಡ್ಲಿ ಬಿಡ್ರಿ, ನಾವೇನು ಮಾತಾಡಲ್ವೇ” ಎಂದರು. ಪುಟ ಹಾಗೆಯೇ ಅಚ್ಚಾಯಿತು. ಭಾನುವಾರ ಯಂತ್ರ ಬಂತು. ಗುಂಡಿಗೆ ಯಾರೂ ಇಳಿಯಲಿಲ್ಲ. ಎಲ್ಲರೂ ಕಿಟಕಿ ಮುಚ್ಚಿಕೊಂಡೆವು.

ಆದರೆ ಒಂದು ತೊಡಕಿತ್ತು. ನಮ್ಮ ಎಸ್‌ಟಿಪಿ ನೋಡಿಕೊಳ್ಳುವ ಹುಡುಗ ಒಡಿಶಾದವನು. ಕನ್ನಡ ಮಾತು ಅಲ್ಪಸ್ವಲ್ಪ ಬರುತ್ತದೆ, ಅಕ್ಷರ ಬಾರದು. ಯಾರ ಜೀವಕ್ಕಾಗಿ ಪುಟ ಬರೆದೆನೋ ಅವನಿಗೇ ಅದನ್ನು ಓದಲು ಬರುವುದಿಲ್ಲ. ರಾತ್ರಿ ಪಾಳಿಯ ಇಬ್ಬರು ಗಾರ್ಡುಗಳು ಅಸ್ಸಾಮಿನವರು; ಅವರಿಗೂ ಇಲ್ಲ. ಕನ್ನಡ ಪುಟವೊಂದು ಬಂದರೆ ಎಲ್ಲರನ್ನೂ ಮುಟ್ಟಿದಂತೆ ಎಂದುಕೊಳ್ಳುವುದೂ ಇನ್ನೊಂದು ‘ಎಂಕುಲು’ ಆದೀತು. ಅವನಿಗೆ ವಿಷಯ ಮುಟ್ಟಿಸಿದವರು ದೇವದುರ್ಗದ ಅಕ್ಕ. ಪುಟವನ್ನು ಕಿತ್ತುಕೊಂಡು ಹೋಗಿ, ಒಂದೊಂದು ಸಾಲನ್ನೂ ತಮಗೆ ಬಂದ ಹಿಂದಿಯಲ್ಲಿ, ಉಳಿದದ್ದನ್ನು ಕೈಸನ್ನೆಯಲ್ಲಿ ಹೇಳಿದರಂತೆ. ಮುಂದಿನ ವಾರ ಪಂಪಿನ ಕೋಣೆಯ ಬಾಗಿಲಿಗೆ ಅದೇ ಹಾಳೆ ಅಂಟಿತ್ತು. ಕೆಳಗೆ ಬಾಲ್‌ಪೆನ್ನಿನಲ್ಲಿ ನಾಲ್ಕು ಸಾಲು, ಗುಂಡಗುಂಡಗಿನ ಒಡಿಯಾ ಅಕ್ಷರಗಳು. ಏನು ಬರೆದೆಯಪ್ಪಾ ಎಂದು ಕೇಳಿದೆ. ತನ್ನ ನಂತರ ಈ ಕೆಲಸಕ್ಕೆ ಊರಿನಿಂದ ತಮ್ಮ ಬರುವವನಿದ್ದಾನೆ, ಅವನಿಗೆ ಎಂದ.

ಸಂಘದ ಸುದ್ದಿ, ಸಲಹೆಗಳೆಂದರೆ ಪಾರ್ಕಿಂಗಿನ ಜಗಳ, ಗಣೇಶನ ಹಬ್ಬದ ಚಂದಾ ಎಂದು ನಾನೂ ಅಂದುಕೊಂಡಿದ್ದೆ. ಈಗ ಆ ಪುಟಕ್ಕೆ ಬರೆಯುವ ಪ್ರತಿ ಸಲಹೆಯ ಕೊನೆಯಲ್ಲಿ ಒಬ್ಬ ಮನುಷ್ಯನನ್ನು ಹುಡುಕುತ್ತೇನೆ. ಕಮೋಡಿಗೆ ಪ್ಯಾಡು, ಡೈಪರು, ಒದ್ದೆ ಟಿಶ್ಯೂ ಹಾಕಬೇಡಿ: ಪೈಪು ಕಟ್ಟಿದರೆ ಅದರೊಳಗೆ ಕೈ ಹಾಕುವವರು ಒಬ್ಬರಿದ್ದಾರೆ. ಅವನ್ನು ಕಾಗದದಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಿ: ಕಸ ವಿಂಗಡಿಸುವವರು ಬಿಚ್ಚಿ ನೋಡಬೇಕಾಗಿ ಬಾರದು. ಕರಿದ ಎಣ್ಣೆಯನ್ನು ಸಿಂಕಿಗೆ ಸುರಿಯಬೇಡಿ, ಬ್ಲೀಚನ್ನು ಬಾಟಲಿಗಟ್ಟಲೆ ಹಾಕಬೇಡಿ: ತೊಟ್ಟಿಯ ಸೂಕ್ಷ್ಮಾಣುಗಳು ಸತ್ತರೆ ಕೆಸರು ಹೆಚ್ಚುತ್ತದೆ, ಕೆಸರು ಹೆಚ್ಚಿದರೆ ಯಾರನ್ನಾದರೂ ಇಳಿಸುವ ಮಾತು ಮತ್ತೆ ಬರುತ್ತದೆ. ನಿಮ್ಮ ಕಟ್ಟಡದಲ್ಲಿ ‘ಸ್ವಚ್ಛಗೊಳಿಸಲಾಗುವುದು’ ಎಂಬ ನೋಟಿಸು ಕಂಡರೆ, ಮಾಲೀಕರಾಗಿರಿ, ಬಾಡಿಗೆಯವರಾಗಿರಿ, ಹಾಸ್ಟೆಲಿನವರಾಗಿರಿ, ‘ಯಾರಿಂದ?’ ಎಂದು ಒಂದು ಮಾತು ಕೇಳಿ. ವರ್ಕ್ ಆರ್ಡರಿನಲ್ಲಿ ‘ಒಳಗೆ ಯಾರೂ ಇಳಿಯುವಂತಿಲ್ಲ’ ಎಂಬ ಸಾಲು ಇದೆಯೇ ಎಂದು ನೋಡಿ. ಕೇಳುವುದಕ್ಕೆ ಮತ ಬೇಕಾಗಿಲ್ಲ.

ಈ ವರ್ಷದ ಸರ್ವಸದಸ್ಯರ ಸಭೆಯಲ್ಲೂ ಬಾಡಿಗೆಯವರಿಗೆ ಮತ ಬಂದಿಲ್ಲ. ಅಕ್ಕನಿಗೆ ಕುರ್ಚಿಯೂ ಬಂದಿಲ್ಲ. ‘ಸರ್ವಿಸ್’ ಲಿಫ್ಟಿನ ಮೇಲಿನ ಅಕ್ಷರಗಳು ಹಾಗೆಯೇ ಇವೆ. ಬೇಸ್‌ಮೆಂಟಿನ ಆ ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನು ಮಂಜೂರಾಗಿದೆ. ಮಂಜೂರಾದದ್ದನ್ನು ನಾನು ‘ಕಟ್ಟಡದ ಸುದ್ದಿ’ಯಲ್ಲಿ ಬರೆದೆ, ಬರೆದ ಮೇಲೆ ಹಾಕಿಸುವುದು ತಪ್ಪಲಿಲ್ಲ. ಆ ಅಂಕಣಕ್ಕೆ ಈಗ ಐದು ಜನ ಸುದ್ದಿ ಕೊಡುತ್ತಾರೆ. ಐವರಲ್ಲಿ ಒಬ್ಬರ ಹೆಸರಿನಲ್ಲೂ ಇಲ್ಲಿ ಮನೆಯಿಲ್ಲ. ಈ ತಿಂಗಳ ಸುದ್ದಿ: ಬಿ ಬ್ಲಾಕಿನ ಮೂರನೇ ಮಹಡಿಯ ಡಕ್ಟಿನಲ್ಲಿ ಪೈಪಿನ ಜಾಯಿಂಟು ಬಿಟ್ಟಿದೆ, ಗೋಡೆಗೆ ಕಿವಿ ಇಟ್ಟರೆ ಕೇಳಿಸುತ್ತದೆ. ಪ್ಲಂಬರಿಗೆ ಹೇಳಲಾಗಿದೆ. ಹೇಳಿದವರು ಅಕ್ಕ.